ಈನಾಡು: ನಸುಕಿನಲ್ಲೇ ಬಾಗಿಲಿಗೆ ಬಂದ ಪತ್ರಿಕೆ ರಾಜಕೀಯದ ಕಣಕ್ಕೆ ಇಳಿದದ್ದು ಹೇಗೆ?

2023ರ ಸೆಪ್ಟೆಂಬರ್ 9ರ ಬೆಳಗಿನ ಜಾವ ನಂದ್ಯಾಲದಲ್ಲಿ ಆಗ ವಿರೋಧ ಪಕ್ಷದಲ್ಲಿದ್ದ ತೆಲುಗು ದೇಶಂ ನಾಯಕ ಚಂದ್ರಬಾಬು ನಾಯ್ಡು ಅವರನ್ನು ಆಂಧ್ರದ ಸಿಐಡಿ ಪೊಲೀಸರು ಬಂಧಿಸಿದರು. ಕೌಶಲ್ಯಾಭಿವೃದ್ಧಿ ನಿಗಮದ ಹಣಕ್ಕೆ ಸಂಬಂಧಿಸಿದ ಪ್ರಕರಣ ಅದು. ಮುಂದೆ 50ಕ್ಕೂ ಹೆಚ್ಚು ದಿನ ಅವರು ರಾಜಮಹೇಂದ್ರವರಂ ಜೈಲಿನಲ್ಲಿದ್ದರು. ಆ ದಿನಗಳ ತೆಲುಗಿನ 'ಈನಾಡು' ಮತ್ತು ಆಗಿನ ಮುಖ್ಯಮಂತ್ರಿ ಜಗನ್ ಮೋಹನ್ ರೆಡ್ಡಿ ಶುರು ಮಾಡಿದ್ದ 'ಸಾಕ್ಷಿ' ಪತ್ರಿಕೆಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ತಲೆ ತಿರುಗುತ್ತದೆ. ಒಂದರಲ್ಲಿ ಮುಖಪುಟದಿಂದ ಒಳಪುಟದವರೆಗೂ ಇದು ರಾಜಕೀಯ ಸೇಡು, ಅಕ್ರಮ ಬಂಧನ ಅನ್ನುವ ಧಾಟಿ. ಇನ್ನೊಂದರಲ್ಲಿ ಅಷ್ಟೇ ಪುಟಗಳ ತುಂಬ ಹಗರಣದ ಲೆಕ್ಕಾಚಾರ. ಒಂದೇ ರಾಜ್ಯ, ಒಂದೇ ಭಾಷೆ, ಒಂದೇ ದಿನ. ಸುದ್ದಿ ಮಾತ್ರ ಎರಡು.

ಇದನ್ನು ಇಬ್ಬರು ಮಾಲೀಕರ ಜಗಳ ಅಂತ ಬದಿಗಿಡುವುದು ಸುಲಭ. ಆದರೆ ಈನಾಡು ನಡೆದು ಬಂದ ದಾರಿ ನೋಡಿದರೆ ವಿಷಯ ಅಷ್ಟು ಸರಳ ಅಲ್ಲ ಅಂತ ಗೊತ್ತಾಗುತ್ತದೆ. ಆ ಪತ್ರಿಕೆಯನ್ನು ಒಳ್ಳೆಯ ಪತ್ರಿಕೆ ಮಾಡಿದ ಶಕ್ತಿ ಯಾವುದೋ, ಅದನ್ನು ರಾಜಕೀಯ ಶಕ್ತಿ ಮಾಡಿದ್ದೂ ಅದೇ. ಊರೂರಿಗೆ ಹರಡಿದ ಅದರ ಜಾಲ. ಈ ಎರಡನ್ನೂ ಬೇರೆ ಬೇರೆ ಮಾಡಿ ನೋಡಿದರೆ ಈನಾಡು ಅರ್ಥವಾಗುವುದಿಲ್ಲ.

ಈನಾಡು ಹುಟ್ಟಿದ್ದು 1974ರ ಆಗಸ್ಟ್ 10ರಂದು, ವಿಶಾಖಪಟ್ಟಣದಲ್ಲಿ. ಜಾಗದ ಆಯ್ಕೆಯೇ ಮುಖ್ಯ ವಿಷಯ. ಆಗ ತೆಲುಗು ದಿನಪತ್ರಿಕೆಗಳ ಮನೆ ಅಂದರೆ ವಿಜಯವಾಡ. ವಿಶಾಖಪಟ್ಟಣಕ್ಕೆ ಬಂದರು ಇತ್ತು, ಹಡಗು ಕಟ್ಟುವ ಕಾರ್ಖಾನೆ ಇತ್ತು, ತೈಲ ಶುದ್ಧೀಕರಣ ಘಟಕ ಇತ್ತು. ದೊಡ್ಡ ಚಳವಳಿ ಮಾಡಿ ಉಕ್ಕಿನ ಕಾರ್ಖಾನೆಯ ಭರವಸೆಯನ್ನೂ ಅದು ಗಿಟ್ಟಿಸಿಕೊಂಡಿತ್ತು. ಆದರೆ ಪತ್ರಿಕೆ ಮಾತ್ರ ಸುಮಾರು 350 ಕಿಲೋಮೀಟರ್ ದೂರದ ವಿಜಯವಾಡದಿಂದ ರೈಲು ಹತ್ತಿ ಬರಬೇಕಿತ್ತು. ಓದುಗನ ಕೈಗೆ ಸಿಗುವ ಹೊತ್ತಿಗೆ ಬಿಸಿಲು ಏರಿರುತ್ತಿತ್ತು. ಶ್ರೀಕಾಕುಳಂ ಕಡೆಯ ಊರುಗಳಿಗಂತೂ ಇನ್ನೂ ತಡ.

ಚೆರುಕೂರಿ ರಾಮೋಜಿ ರಾವ್ ಅವರಿಗೆ ಆಗ 37 ವರ್ಷ. ಕೃಷ್ಣಾ ಜಿಲ್ಲೆಯ ಪೆದಪಾರುಪೂಡಿಯ ರೈತ ಕುಟುಂಬದವರು. 1962ರಲ್ಲಿ ಮಾರ್ಗದರ್ಶಿ ಚೀಟಿ ಕಂಪನಿ ಶುರು ಮಾಡಿದ್ದರು. 1969ರಲ್ಲಿ ರೈತರಿಗಾಗಿ 'ಅನ್ನದಾತ' ಎಂಬ ಮಾಸಪತ್ರಿಕೆ ತಂದಿದ್ದರು. ಪತ್ರಿಕೋದ್ಯಮದ ಒಳಗಿಂದ ಬಂದವರಲ್ಲ. ಮಾರಾಟ ಮತ್ತು ಹಂಚಿಕೆ ಬಲ್ಲವರು. ಹಾಗಾಗಿ ಸಂಪಾದಕೀಯಕ್ಕಿಂತ ಮೊದಲು ಅವರ ಕಣ್ಣಿಗೆ ಬಿದ್ದದ್ದು ಪತ್ರಿಕೆ ಮನೆ ತಲುಪುವ ಹೊತ್ತು. ಸೂರ್ಯ ಹುಟ್ಟುವ ಮೊದಲೇ ಪೇಪರ್ ಬಾಗಿಲಲ್ಲಿ ಇರಬೇಕು. ಪ್ರಕಟಿಸುವ ಸಂಸ್ಥೆಗೆ ಇಟ್ಟ ಹೆಸರೂ 'ಉಷೋದಯ'. ಮೊದಲ ಸಂಪಾದಕರಾಗಿ ಎ.ಬಿ.ಕೆ. ಪ್ರಸಾದ್ ಬಂದರು. ಮುಂದಿನ ವರ್ಷವೇ ಹೈದರಾಬಾದ್ ಆವೃತ್ತಿ, 1978ರಲ್ಲಿ ವಿಜಯವಾಡ, 1982ರಲ್ಲಿ ತಿರುಪತಿ. ಎಲ್ಲವನ್ನೂ ಒಂದೇ ಕಡೆ ಅಚ್ಚು ಹಾಕಿ ರೈಲಿಗೆ ಹಾಕುವ ಹಳೆಯ ಪದ್ಧತಿ ಬಿಟ್ಟು, ಓದುಗ ಇರುವ ಕಡೆಗೇ ಅಚ್ಚಿನ ಯಂತ್ರ ಒಯ್ದರು.

ಅದಕ್ಕೂ ಮೊದಲಿನ ತೆಲುಗು ಪತ್ರಿಕೆಗಳ ಕಥೆ ಬೇರೆ ತರಹದ್ದು. ಕಾಶೀನಾಥುನಿ ನಾಗೇಶ್ವರರಾವ್ ಪಂತುಲು 1908ರಲ್ಲಿ ಮುಂಬೈಯಲ್ಲಿ 'ಆಂಧ್ರಪತ್ರಿಕ'ವನ್ನು ವಾರಪತ್ರಿಕೆಯಾಗಿ ಶುರು ಮಾಡಿ, 1914ರಲ್ಲಿ ಮದ್ರಾಸಿನಿಂದ ದಿನಪತ್ರಿಕೆ ಮಾಡಿದರು. ಅದರ ಖರ್ಚು ಹೊತ್ತದ್ದು ನಮ್ಮ ಮನೆಗಳಲ್ಲೂ ತಲೆನೋವಿಗೆ ಹಚ್ಚುವ ಅಮೃತಾಂಜನ. ಆ ಮುಲಾಮು ಕಂಪನಿಯೂ ಅವರದ್ದೇ. ಹೈದರಾಬಾದಿನಲ್ಲಿ ನಿಜಾಮರ ಆಳ್ವಿಕೆಯ ನಡುವೆ ಸುರವರಂ ಪ್ರತಾಪರೆಡ್ಡಿ 1926ರಲ್ಲಿ 'ಗೋಲಕೊಂಡ ಪತ್ರಿಕ' ತಂದರು. 1938ರಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್ ಬಳಗದ 'ಆಂಧ್ರಪ್ರಭ', 1952ರಲ್ಲಿ ಕಮ್ಯುನಿಸ್ಟರ 'ವಿಶಾಲಾಂಧ್ರ', 1960ರಲ್ಲಿ ನಾರ್ಲ ವೆಂಕಟೇಶ್ವರರಾವ್ ಸಂಪಾದಕತ್ವದಲ್ಲಿ 'ಆಂಧ್ರಜ್ಯೋತಿ' ಬಂದವು. ಇವೆಲ್ಲ ಒಂದೊಂದು ನಿಲುವು ಇಟ್ಟುಕೊಂಡು ಹುಟ್ಟಿದವು. ಈನಾಡು ಮೊದಲು ಓದುಗನ ಮನೆ ವಿಳಾಸ ಹುಡುಕಿತು. ನಿಲುವು ಆಮೇಲೆ ಬಂತು.

ಬಂದಾಗ ಜೋರಾಗಿಯೇ ಬಂತು.

1978ರಿಂದ 1983ರ ನಡುವೆ ಆಂಧ್ರದ ಕಾಂಗ್ರೆಸ್ ಸರ್ಕಾರದಲ್ಲಿ ನಾಲ್ವರು ಮುಖ್ಯಮಂತ್ರಿಗಳು ಬಂದುಹೋದರು: ಚೆನ್ನಾರೆಡ್ಡಿ, ಅಂಜಯ್ಯ, ಭವನಂ ವೆಂಕಟರಾಂ, ಕೋಟ್ಲ ವಿಜಯಭಾಸ್ಕರ ರೆಡ್ಡಿ. ಎಲ್ಲ ತೀರ್ಮಾನ ದೆಹಲಿಯಲ್ಲಿ. ಬೇಗಂಪೇಟೆ ವಿಮಾನ ನಿಲ್ದಾಣದಲ್ಲಿ ರಾಜೀವ್ ಗಾಂಧಿ ಅವರು ಮುಖ್ಯಮಂತ್ರಿ ಅಂಜಯ್ಯ ಅವರನ್ನು ಎಲ್ಲರೆದುರು ಗದರಿದ ಸುದ್ದಿ ಜನರಿಗೆ ಚುಚ್ಚಿತ್ತು. 1982ರ ಮಾರ್ಚ್ 29ರಂದು ಜನಪ್ರಿಯ ಚಿತ್ರನಟ ಎನ್.ಟಿ. ರಾಮರಾವ್ (ಎನ್‌ಟಿಆರ್) ತೆಲುಗು ದೇಶಂ ಪಕ್ಷ ಕಟ್ಟಿದರು. ಹಳೆಯ ವ್ಯಾನ್ ಒಂದನ್ನು 'ಚೈತನ್ಯ ರಥ' ಮಾಡಿಕೊಂಡು ಊರೂರು ಸುತ್ತಿದರು. ಈನಾಡು ಆ ಪ್ರವಾಸದ ಸುದ್ದಿಯನ್ನು ದಿನವೂ ಮನೆ ಮನೆಗೆ ಮುಟ್ಟಿಸಿತು. ಆಗ ಟಿವಿ ಇದ್ದದ್ದು ಕೆಲವೇ ಕಡೆ, ಆಕಾಶವಾಣಿ ಸರ್ಕಾರದ ಕೈಯಲ್ಲಿ. ಹೊಸ ಪಕ್ಷಕ್ಕೆ ಹಳ್ಳಿಯ ಘಟಕಗಳೂ ಸರಿಯಾಗಿ ಇಲ್ಲದ ಹೊತ್ತಿನಲ್ಲಿ ಪತ್ರಿಕೆಯ ಹಂಚಿಕೆ ಜಾಲವೇ ಪಕ್ಷದ ಸುದ್ದಿಯನ್ನು ಹೊತ್ತು ನಡೆಯಿತು. ಒಂಬತ್ತು ತಿಂಗಳ ಪಕ್ಷ 1983ರ ಜನವರಿಯಲ್ಲಿ 294 ಸ್ಥಾನಗಳ ಸಭೆಯಲ್ಲಿ 200ಕ್ಕೂ ಹೆಚ್ಚು ಗೆದ್ದಿತು. ಅದೇ ತಿಂಗಳು ಕರ್ನಾಟಕದಲ್ಲೂ ಕಾಂಗ್ರೆಸ್ ಮೊದಲ ಸಲ ಅಧಿಕಾರ ಕಳೆದುಕೊಂಡು ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು ಎಂಬುದನ್ನು ನಮ್ಮ ಹಿರಿಯರು ಮರೆತಿರಲಿಕ್ಕಿಲ್ಲ.

ಎನ್‌ಟಿಆರ್ ಗೆದ್ದದ್ದು ಈನಾಡುವಿನಿಂದ ಅಂತ ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅವರ ಜನಪ್ರಿಯತೆ, ಕಾಂಗ್ರೆಸ್ಸಿನ ಮೇಲಿನ ಸಿಟ್ಟು, ಎರಡು ರೂಪಾಯಿಗೆ ಒಂದು ಕಿಲೋ ಅಕ್ಕಿಯ ಭರವಸೆ ಎಲ್ಲವೂ ಇದ್ದವು. ಪತ್ರಿಕೆ ಆ ಸಿಟ್ಟನ್ನು ಹುಟ್ಟಿಸಲಿಲ್ಲ, ಒಂದು ಊರಿನ ಸಿಟ್ಟು ಇನ್ನೊಂದು ಊರಿಗೆ ಕಾಣುವಂತೆ ಮಾಡಿತು. ಅದೇ ದೊಡ್ಡ ಕೆಲಸ.

ಆ ದಿನಗಳ ಒಂದು ಪ್ರಸಂಗವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 1983ರ ಮಾರ್ಚ್‌ನಲ್ಲಿ ವಿಧಾನ ಪರಿಷತ್ತಿನಲ್ಲಿ ನಡೆದ ಗದ್ದಲವನ್ನು ಈನಾಡು 'ಪೆದ್ದಲ ಸಭಲೋ ಗಲಭಾ' ಎಂಬ ತಲೆಬರಹದಲ್ಲಿ ವರದಿ ಮಾಡಿತು. ಹಿರಿಯರ ಸಭೆಯಲ್ಲಿ ಗಲಾಟೆ ಅಂತ. ಪರಿಷತ್ತಿನಲ್ಲಿ ಆಗ ಕಾಂಗ್ರೆಸ್ಸಿಗೇ ಬಹುಮತ. ಸದಸ್ಯರಿಗೆ ಸಿಟ್ಟು ಬಂತು, ಹಕ್ಕುಚ್ಯುತಿ ಆಯಿತು ಅಂದರು. ಮುಂದಿನ ವರ್ಷ ರಾಮೋಜಿ ರಾವ್ ಅವರನ್ನು ಸದನಕ್ಕೆ ಕರೆಸಿ ಛೀಮಾರಿ ಹಾಕಬೇಕು ಅನ್ನುವ ತನಕ ಬಂತು. ಅವರು ಹೋಗಲಿಲ್ಲ, ಸುಪ್ರೀಂ ಕೋರ್ಟಿಗೆ ಹೋದರು. ಅವರನ್ನು ಬಂಧಿಸಿ ತರಬೇಕು ಎಂಬ ಆದೇಶದ ಎದುರು ಕೋರ್ಟಿನ ತಡೆಯಾಜ್ಞೆ ನಿಂತಿತು. ಸದನ ದೊಡ್ಡದೋ ಕೋರ್ಟ್ ದೊಡ್ಡದೋ ಎಂಬ ಪ್ರಶ್ನೆ ಎದ್ದು ದೇಶವೆಲ್ಲ ನೋಡಿತು. ಕೊನೆಗೆ 1985ರಲ್ಲಿ ಎನ್‌ಟಿಆರ್ ಪರಿಷತ್ತನ್ನೇ ರದ್ದು ಮಾಡಿಸಿದರು.

ಪತ್ರಿಕಾ ಸ್ವಾತಂತ್ರ್ಯದ ದೃಷ್ಟಿಯಿಂದ ರಾಮೋಜಿ ರಾವ್ ನಿಂತದ್ದು ಸರಿಯಾಗಿಯೇ ಇತ್ತು. ಒಂದು ತಲೆಬರಹಕ್ಕೆ ಸಂಪಾದಕನನ್ನು ಸದನದಲ್ಲಿ ನಿಲ್ಲಿಸುವ ಅಧಿಕಾರ ಯಾರಿಗೂ ಇರಬಾರದು. ಕರ್ನಾಟಕ ವಿಧಾನಸಭೆ 2017ರಲ್ಲಿ ಇಬ್ಬರು ಪತ್ರಕರ್ತರಿಗೆ ಜೈಲು ಶಿಕ್ಷೆ ವಿಧಿಸಲು ಹೊರಟಾಗ ನಮ್ಮಲ್ಲೂ ಇದೇ ಪ್ರಶ್ನೆ ಎದ್ದಿತ್ತು. ಆದರೆ ಈ ಪ್ರಸಂಗದಲ್ಲಿ ಇನ್ನೊಂದು ಮಗ್ಗುಲೂ ಇದೆ. ಪತ್ರಿಕೆಯ ಎದುರಾಳಿಯೂ ಆಳುವ ಪಕ್ಷದ ಎದುರಾಳಿಯೂ ಒಂದೇ ಆಗಿದ್ದರು. ಪತ್ರಿಕೆ ತನ್ನ ಹಕ್ಕಿಗೆ ಹೋರಾಡಿದರೂ ನೋಡುವವರಿಗೆ ಅದು ಪಕ್ಷದ ಹೋರಾಟದಂತೆ ಕಾಣತೊಡಗಿತು.

1984ರ ಆಗಸ್ಟ್‌ನಲ್ಲಿ ರಾಜ್ಯಪಾಲ ರಾಮಲಾಲ್ ಎನ್‌ಟಿಆರ್ ಸರ್ಕಾರವನ್ನು ವಜಾ ಮಾಡಿದಾಗ ಈ ನಂಟು ಇನ್ನಷ್ಟು ಗಟ್ಟಿಯಾಯಿತು. ಶಾಸಕರನ್ನು ಕಾಪಾಡಿಕೊಳ್ಳಲು ಕರ್ನಾಟಕಕ್ಕೆ ಕರೆತಂದರು. ಪತ್ರಿಕೆ ಪ್ರಜಾಪ್ರಭುತ್ವ ಉಳಿಸಿ ಎಂದು ದಿನವೂ ಬರೆಯಿತು. ಒಂದು ತಿಂಗಳ ಒಳಗೆ ಎನ್‌ಟಿಆರ್ ಮತ್ತೆ ಮುಖ್ಯಮಂತ್ರಿಯಾದರು. ಹನ್ನೊಂದು ವರ್ಷದ ನಂತರ, 1995ರ ಆಗಸ್ಟ್‌ನಲ್ಲಿ, ಅದೇ ಎನ್‌ಟಿಆರ್ ಅವರನ್ನು ಅಳಿಯ ಚಂದ್ರಬಾಬು ನಾಯ್ಡು ಇಳಿಸಿದಾಗ ಪತ್ರಿಕೆ ಅಳಿಯನ ಕಡೆ ವಾಲಿತು. ಒಮ್ಮೆ ಯಾರ ಬೆನ್ನಿಗೆ ನಿಂತಿತ್ತೋ ಅವರೇ ಈಗ ಪತ್ರಿಕೆಗಳ ಮೇಲೆ ಕಿಡಿ ಕಾರುವಂತಾಯಿತು. 1996ರ ಜನವರಿಯಲ್ಲಿ ಅವರು ತೀರಿಕೊಂಡರು.

ಇಷ್ಟೇ ಆಗಿದ್ದರೆ ಈನಾಡುವಿನ ಬಗ್ಗೆ ಇಷ್ಟು ಬರೆಯಬೇಕಿರಲಿಲ್ಲ. ಪಕ್ಷದ ಜೊತೆ ನಿಂತ ಪತ್ರಿಕೆಗಳು ಎಲ್ಲ ಕಡೆ ಇವೆ. ನನಗೆ ಇದರಲ್ಲಿ ತುಂಬಾ ಇಷ್ಟವಾಗುವ, ಹಾಗೆಯೇ ಈಗ ಕಳೆದುಹೋಗುತ್ತಿದೆಯಲ್ಲ ಅಂತ ಸಂಕಟ ಕೊಡುವ ಭಾಗ ಇನ್ನೊಂದಿದೆ: ಜಿಲ್ಲಾ ಪುಟಗಳು.

1985ರಲ್ಲಿ ಎನ್‌ಟಿಆರ್ ಸರ್ಕಾರ ಹಳೆಯ ತಾಲ್ಲೂಕು ವ್ಯವಸ್ಥೆ ಒಡೆದು ಸುಮಾರು 1,100 ಮಂಡಲಗಳನ್ನು ಮಾಡಿತು. ತಹಶೀಲ್ದಾರ್ ಕಚೇರಿ ಹಳ್ಳಿಗೆ ಹತ್ತಿರ ಬಂತು. ಅಲ್ಲಿ ಸುದ್ದಿಯೂ ಹುಟ್ಟತೊಡಗಿತು: ಪಡಿತರ ಬರಲಿಲ್ಲ, ಕಾಲುವೆ ಕೊನೆಗೆ ನೀರು ಮುಟ್ಟಲಿಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಾಕ್ಟರಿಲ್ಲ. 1989ರಲ್ಲಿ ಈನಾಡು ಪ್ರತಿ ಜಿಲ್ಲೆಗೂ ಬೇರೆ ಬೇರೆ ಪುರವಣಿ ಕೊಡಲು ಶುರು ಮಾಡಿತು. ಮುಖ್ಯ ಪತ್ರಿಕೆಯ ಅರ್ಧ ಅಳತೆಯ, ಪೂರ್ತಿ ಆ ಜಿಲ್ಲೆಯ ಸುದ್ದಿಯೇ ತುಂಬಿದ ಪುಟಗಳು. ಅನಂತಪುರದವನಿಗೆ ಅನಂತಪುರದ್ದು, ಖಮ್ಮಂನವನಿಗೆ ಖಮ್ಮಂನದ್ದು.

ಇದರ ಲೆಕ್ಕಾಚಾರ ಎರಡು ಕಡೆಯಿಂದಲೂ ಗಟ್ಟಿಯಾಗಿತ್ತು. ತನ್ನ ಊರಿನ ಹೆಸರು ಪತ್ರಿಕೆಯಲ್ಲಿ ಬಂದರೆ ಜನ ಕೊಳ್ಳುತ್ತಾರೆ. ರಾಜ್ಯವಿಡೀ ಹೋಗುವ ಪತ್ರಿಕೆಯಲ್ಲಿ ಜಾಹೀರಾತು ಹಾಕಲು ಕೈಲಾಗದ ಸಣ್ಣ ಸೀರೆ ಅಂಗಡಿ, ನರ್ಸಿಂಗ್ ಹೋಮ್, ಟ್ಯುಟೋರಿಯಲ್, ಗೊಬ್ಬರದ ಅಂಗಡಿ ಜಿಲ್ಲಾ ಪುಟದಲ್ಲಿ ಕಡಿಮೆ ಹಣಕ್ಕೆ ಜಾಹೀರಾತು ಕೊಡಬಹುದು. ಅಲ್ಲಿಯವರೆಗೆ ಯಾರೂ ಮುಟ್ಟದ ಆದಾಯ ಅದು. ಮಂಡಲಕ್ಕೊಬ್ಬರಂತೆ ಬಿಡಿ ಸುದ್ದಿಗಾರರು ಬಂದರು. ತೆಲುಗಿನಲ್ಲಿ ಇವರನ್ನು ಕಂಟ್ರಿಬ್ಯೂಟರ್ ಅನ್ನುತ್ತಾರೆ. ಪೂರ್ಣಾವಧಿ ನೌಕರರಲ್ಲ. ಒಬ್ಬ ಮೇಷ್ಟ್ರು, ಒಬ್ಬ ಅಂಗಡಿಯವನು, ಒಬ್ಬ ಸಣ್ಣ ರೈತ. ಸಂಸ್ಥೆ ತನ್ನದೇ ಪತ್ರಿಕೋದ್ಯಮ ಶಾಲೆ ಕಟ್ಟಿ ಹುಡುಗ ಹುಡುಗಿಯರಿಗೆ ಸರಳ ತೆಲುಗಿನಲ್ಲಿ ಬರೆಯುವುದು ಕಲಿಸಿತು. ಆ ಶಾಲೆಯಲ್ಲಿ ಕಲಿತವರು ಇವತ್ತು ಬಹುತೇಕ ಎಲ್ಲ ತೆಲುಗು ಪತ್ರಿಕೆ, ಚಾನೆಲ್‌ಗಳಲ್ಲೂ ಸಿಗುತ್ತಾರೆ, ಎದುರಾಳಿ ಪತ್ರಿಕೆಗಳಲ್ಲೂ.

ಈ ಜಾಲದ ತಾಕತ್ತು ಪೂರ್ತಿ ಕಂಡದ್ದು ಸಾರಾಯಿ ವಿರೋಧಿ ಚಳವಳಿಯಲ್ಲಿ. 1990ರ ದಶಕದ ಆರಂಭದಲ್ಲಿ ನೆಲ್ಲೂರು ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನ ನಡೆಯುತ್ತಿತ್ತು. ರಾತ್ರಿ ಶಾಲೆಗೆ ಬರುವ ಹೆಂಗಸರು ಓದುತ್ತಿದ್ದ ಪಾಠಗಳಲ್ಲಿ ಒಂದು, ಗಂಡನ ಕುಡಿತದಿಂದ ಹಾಳಾದ ಸಂಸಾರದ ಕಥೆ. ದೂಬಗುಂಟ ಎಂಬ ಹಳ್ಳಿಯ ಹೆಂಗಸರು ಅದನ್ನು ಓದಿ ಸುಮ್ನೆ ಕೂರಲಿಲ್ಲ. ಒಟ್ಟಾಗಿ ಹೋಗಿ ತಮ್ಮೂರಿನ ಸಾರಾಯಿ ಅಂಗಡಿ ಮುಚ್ಚಿಸಿದರು. ಕೂಲಿ ಮಾಡುವ, ಆಗತಾನೆ ಅಕ್ಷರ ಕಲಿಯುತ್ತಿದ್ದ ಹೆಂಗಸರು ಅವರು. ಸುದ್ದಿ ಪಕ್ಕದ ಹಳ್ಳಿಗೆ ಹೋಯಿತು. ಜಿಲ್ಲೆಯಲ್ಲಿ ಸಾರಾಯಿ ಹರಾಜು ನಡೆಯುವ ಜಾಗಕ್ಕೇ ಹೆಂಗಸರು ನುಗ್ಗಿ ಕೂತರು. ಹರಾಜು ಮುಂದೆ ಹೋಯಿತು, ಮತ್ತೆ ಮುಂದೆ ಹೋಯಿತು.

ಈನಾಡು ಇದಕ್ಕೆ ದಿನವೂ ಜಾಗ ಕೊಟ್ಟಿತು. ಯಾವ ಹಳ್ಳಿಯಲ್ಲಿ ಅಂಗಡಿ ಮುಚ್ಚಿತು, ಯಾವ ಹಳ್ಳಿಯಲ್ಲಿ ಗುತ್ತಿಗೆದಾರನ ಆಳುಗಳು ಹೊಡೆದರು, ಯಾರು ಎದುರು ನಿಂತರು ಎಂಬ ವಿವರಗಳು ಸಾಲುಸಾಲಾಗಿ ಬಂದವು. ಇವನ್ನು ಹೈದರಾಬಾದಿನಲ್ಲಿ ಕೂತು ಬರೆಯಲು ಆಗುತ್ತಿರಲಿಲ್ಲ. ಮಂಡಲದ ಸುದ್ದಿಗಾರ ಅಲ್ಲಿ ಇದ್ದದ್ದಕ್ಕೇ ಬಂದವು. 1993ರ ಅಕ್ಟೋಬರ್ 1ರಿಂದ ರಾಜ್ಯವಿಡೀ ಸಾರಾಯಿ ನಿಷೇಧವಾಯಿತು. ಚಳವಳಿ ಹೆಂಗಸರದ್ದು, ಗೆಲುವೂ ಅವರದ್ದೇ. ಪತ್ರಿಕೆ ಮಾಡಿದ್ದು ಒಂದು ಹಳ್ಳಿಯ ಧೈರ್ಯವನ್ನು ನೂರು ಹಳ್ಳಿಗೆ ಓದಿಸಿದ್ದು. ಹೆಂಗಸರಿಗಾಗಿ 'ವಸುಂಧರ' ಪುಟ ಶುರುವಾದದ್ದೂ ಇದೇ ಹೊತ್ತಿನಲ್ಲಿ. 1991ರ ಜನಗಣತಿಯಲ್ಲಿ ಆಂಧ್ರದ ಸಾಕ್ಷರತೆ ಶೇ 44. 2001ರ ಹೊತ್ತಿಗೆ ಶೇ 60. ಹೊಸದಾಗಿ ಓದಲು ಕಲಿತ ಎಷ್ಟೋ ಮನೆಗಳಲ್ಲಿ ಮೊದಲ ಓದು ಈ ಪುಟಗಳೇ ಆಗಿರಬೇಕು.

ಇಲ್ಲೂ ರಾಜಕೀಯ ಬಿಡಲಿಲ್ಲ. ಎನ್‌ಟಿಆರ್ 1994ರ ಚುನಾವಣೆಯಲ್ಲಿ ಸಂಪೂರ್ಣ ಪಾನನಿಷೇಧದ ಮಾತು ಕೊಟ್ಟರು, ಗೆದ್ದು ಜಾರಿಗೂ ತಂದರು. 1997ರಲ್ಲಿ ನಾಯ್ಡು ಸರ್ಕಾರ ಅದನ್ನು ಸಡಿಲಿಸಿತು. ಕಾಂಗ್ರೆಸ್ ಸರ್ಕಾರದ ಸಾರಾಯಿ ವಿರುದ್ಧ ಅಷ್ಟು ಬರೆದ ಪತ್ರಿಕೆ ಆಗ ಅಷ್ಟೇ ಜೋರಾಗಿ ಬರೆಯಲಿಲ್ಲ ಎಂಬ ಟೀಕೆ ಅದಕ್ಕೆ ಅಂಟಿಕೊಂಡಿತು. ನನಗೂ ಈ ಟೀಕೆಯಲ್ಲಿ ಹುರುಳಿದೆ ಅನ್ನಿಸುತ್ತದೆ.

ಈ ಹೊತ್ತಿಗೆ ಈನಾಡು ಬರೀ ಪತ್ರಿಕೆಯಾಗಿ ಉಳಿದಿರಲಿಲ್ಲ. ಪ್ರಿಯಾ ಉಪ್ಪಿನಕಾಯಿ, ಉಷಾಕಿರಣ ಮೂವೀಸ್, 1995ರಲ್ಲಿ ಈಟಿವಿ, ಮರುವರ್ಷ ರಾಮೋಜಿ ಫಿಲ್ಮ್ ಸಿಟಿ. ನಮಗೆ ಇವರ ನೇರ ಪರಿಚಯ ಆದದ್ದು 2000ದ ಡಿಸೆಂಬರ್‌ನಲ್ಲಿ ಬಂದ ಈಟಿವಿ ಕನ್ನಡದಿಂದ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ 'ಎದೆ ತುಂಬಿ ಹಾಡುವೆನು' ನೋಡದ ಕನ್ನಡ ಮನೆ ಕಡಿಮೆ. ಆ ಚಾನೆಲ್ ಆಮೇಲೆ ನೆಟ್‌ವರ್ಕ್18 ಕೈಗೆ ಹೋಗಿ 2015ರಲ್ಲಿ ಕಲರ್ಸ್ ಕನ್ನಡ ಆಯಿತು.

ಎದುರಾಳಿ ಹುಟ್ಟಿದ್ದು ಅಧಿಕಾರದ ಕಡೆಯಿಂದ. 2004ರಲ್ಲಿ ಮುಖ್ಯಮಂತ್ರಿಯಾದ ವೈ.ಎಸ್. ರಾಜಶೇಖರ ರೆಡ್ಡಿ ಸಭೆಗಳಲ್ಲಿ 'ಆ ರೆಂಡು ಪತ್ರಿಕಲು' ಎಂದು ಕುಟುಕುತ್ತಿದ್ದರು. ಆ ಎರಡು ಪತ್ರಿಕೆಗಳು ಅಂದರೆ ಈನಾಡು ಮತ್ತು ಆಂಧ್ರಜ್ಯೋತಿ. 2006ರಲ್ಲಿ ಕಾಂಗ್ರೆಸ್ ಸಂಸದ ಉಂಡವಲ್ಲಿ ಅರುಣ್ ಕುಮಾರ್, ಮಾರ್ಗದರ್ಶಿ ಫೈನಾನ್ಶಿಯರ್ಸ್ ಸಂಸ್ಥೆ ರಿಸರ್ವ್ ಬ್ಯಾಂಕ್ ಕಾನೂನಿಗೆ ವಿರುದ್ಧವಾಗಿ ಜನರಿಂದ ಠೇವಣಿ ತೆಗೆದುಕೊಂಡಿದೆ ಎಂದು ದೂರಿದರು. ಠೇವಣಿ ಮೊತ್ತ 2,000 ಕೋಟಿ ರೂಪಾಯಿ ಮೀರಿತ್ತು. ಇದು ಪತ್ರಿಕೆಯ ಬಾಯಿ ಮುಚ್ಚಿಸುವ ಆಟ ಎಂದು ಒಂದು ಕಡೆ, ಪತ್ರಿಕೆ ಇದೆ ಅಂತ ಕಾನೂನು ಬೇರೆಯಾ ಎಂದು ಇನ್ನೊಂದು ಕಡೆ. ಎರಡೂ ಮಾತಿನಲ್ಲಿ ನಿಜ ಇದೆ. ಪ್ರಶ್ನೆ ಎದ್ದ ಸಮಯ ರಾಜಕೀಯದ್ದು. ಆದರೆ ಪ್ರಶ್ನೆ ಕೇಳಬೇಕಾದದ್ದೇ ಆಗಿತ್ತು. ಪತ್ರಿಕೆಯ ಮಾಲೀಕರಿಗೆ ಜನರ ಠೇವಣಿಯ ವ್ಯವಹಾರವೂ ಇದ್ದರೆ, ಯಾವ ಸರ್ಕಾರಕ್ಕಾದರೂ ಅವರ ಮೇಲೆ ಒಂದು ಹಿಡಿತ ಸಿಕ್ಕಂತೆಯೇ.

2008ರ ಮಾರ್ಚ್ 24ರಂದು ಮುಖ್ಯಮಂತ್ರಿಯ ಮಗ ಜಗನ್ ಮೋಹನ್ ರೆಡ್ಡಿ 'ಸಾಕ್ಷಿ' ತಂದರು. ಮೊದಲ ದಿನವೇ 23 ಆವೃತ್ತಿ, ಎಲ್ಲ ಪುಟ ಬಣ್ಣದ್ದು, ಬೆಲೆ 2 ರೂಪಾಯಿ. ಈನಾಡು ಹಲವು ವರ್ಷ ತೆಗೆದುಕೊಂಡು ಕಟ್ಟಿದ ಜಿಲ್ಲಾ ಪುಟದ ಮಾದರಿಯನ್ನೇ ಎದುರಾಳಿ ಒಂದೇ ದಿನದಲ್ಲಿ ಕಟ್ಟಿ ನಿಲ್ಲಿಸಿದ. ಅಷ್ಟು ಹಣ ಎಲ್ಲಿಂದ ಬಂತು ಎಂದು ಈನಾಡು ಬರೆಯಿತು. ಸರ್ಕಾರದಿಂದ ಲಾಭ ಪಡೆದವರೇ ಈ ಸಂಸ್ಥೆಯಲ್ಲಿ ಹೂಡಿಕೆ ಮಾಡಿದರು ಎಂಬ ಆರೋಪದ ಮೇಲೆ ಸಿಬಿಐ ಪ್ರಕರಣ ನಡೆಯಿತು. 2012ರಲ್ಲಿ ಜಗನ್ ಜೈಲಿಗೂ ಹೋದರು. ಅವರು ಇದೆಲ್ಲ ರಾಜಕೀಯ ಸೇಡು ಅನ್ನುತ್ತಾರೆ.

ತೆಲಂಗಾಣ ಚಳವಳಿ ಬಂದಾಗ ಇನ್ನೊಂದು ಸೀಳು ಮೂಡಿತು. ದೊಡ್ಡ ಪತ್ರಿಕೆಗಳೆಲ್ಲ ಆಂಧ್ರದ ಮಾಲೀಕರದ್ದು, ನಮ್ಮ ಮಾತು ಅಲ್ಲಿ ಬರುವುದಿಲ್ಲ ಎಂಬ ಅಸಮಾಧಾನ ಅಲ್ಲಿ ಮೊದಲಿಂದ ಇತ್ತು. 2011ರಲ್ಲಿ 'ನಮಸ್ತೆ ತೆಲಂಗಾಣ' ಬಂತು. ಅದೂ ಬೇಗನೆ ತೆಲಂಗಾಣ ರಾಷ್ಟ್ರ ಸಮಿತಿ ಅಂದರೆ ಟಿಆರ್‌ಎಸ್ ಪಕ್ಷದ ಪತ್ರಿಕೆ ಎಂದೇ ಗುರುತಾಯಿತು. ಹೀಗೆ ತೆಲುಗು ಓದುಗನಿಗೆ ಪತ್ರಿಕೆಗಳು ಜಾಸ್ತಿ ಆದವು, ಆದರೆ ಯಾವುದನ್ನು ಕೊಳ್ಳುತ್ತೀಯ ಎಂದರೆ ಯಾರಿಗೆ ವೋಟು ಹಾಕುತ್ತೀಯ ಎಂದು ಕೇಳಿದ ಹಾಗೆ ಆಯಿತು.

2019ರಲ್ಲಿ ಜಗನ್ ಮುಖ್ಯಮಂತ್ರಿಯಾದ ಮೇಲೆ ಈ ಕಾದಾಟಕ್ಕೆ ಸರ್ಕಾರದ ಖಜಾನೆಯೂ ಸೇರಿತು. 2022ರಲ್ಲಿ, ಸರ್ಕಾರದ ಸವಲತ್ತುಗಳನ್ನು ಮನೆ ಮನೆಗೆ ಮುಟ್ಟಿಸುತ್ತಿದ್ದ ಗ್ರಾಮ ಮತ್ತು ವಾರ್ಡ್ ಸ್ವಯಂಸೇವಕರಿಗೆ ಹೆಚ್ಚು ಪ್ರಸಾರ ಇರುವ ಪತ್ರಿಕೆ ಕೊಳ್ಳಲು ತಿಂಗಳಿಗೆ 200 ರೂಪಾಯಿ ಕೊಡುವ ಆದೇಶ ಬಂತು. ಸ್ವಯಂಸೇವಕರು ಎರಡೂವರೆ ಲಕ್ಷಕ್ಕೂ ಹೆಚ್ಚು. ಇದು ಸಾಕ್ಷಿಯ ಪ್ರಸಾರ ಹೆಚ್ಚಿಸುವ ಉಪಾಯ ಎಂದು ಈನಾಡುವಿನ ಸಂಸ್ಥೆ ಕೋರ್ಟಿಗೆ ಹೋಯಿತು. 2023ರಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ದೆಹಲಿ ಹೈಕೋರ್ಟಿಗೆ ವರ್ಗಾಯಿಸಿತು. ಒಂದು ರಾಜ್ಯದ ಪತ್ರಿಕೆಗಳ ಜಗಳವನ್ನು ಆ ರಾಜ್ಯದ ಹೊರಗೆ ವಿಚಾರಣೆ ಮಾಡಬೇಕಾಗಿ ಬಂದದ್ದು ಸಣ್ಣ ಸಂಗತಿ ಅಲ್ಲ. ಅದೇ ವರ್ಷ ಮಾರ್ಗದರ್ಶಿ ಚೀಟಿ ವ್ಯವಹಾರದ ಬಗ್ಗೆ ಆಂಧ್ರ ಸಿಐಡಿ ಅಧಿಕಾರಿಗಳು ಹೈದರಾಬಾದಿಗೆ ಹೋಗಿ 86 ವರ್ಷದ ರಾಮೋಜಿ ರಾವ್ ಅವರನ್ನು ಮನೆಯಲ್ಲೇ ಪ್ರಶ್ನಿಸಿದರು.

2024ರ ಜೂನ್ 4ರಂದು ಫಲಿತಾಂಶ ಬಂತು. 175ರಲ್ಲಿ 135 ಸ್ಥಾನ ಗೆದ್ದು ತೆಲುಗು ದೇಶಂ ಮತ್ತೆ ಅಧಿಕಾರ ಹಿಡಿಯಿತು. ನಾಲ್ಕೇ ದಿನಕ್ಕೆ, ಜೂನ್ 8ರಂದು, ರಾಮೋಜಿ ರಾವ್ ತೀರಿಕೊಂಡರು. ಪತ್ರಿಕೆಗೆ 50 ವರ್ಷ ತುಂಬಲು ಎರಡು ತಿಂಗಳಷ್ಟೇ ಬಾಕಿ ಇತ್ತು. ತೆಲಂಗಾಣ ಸರ್ಕಾರ ಸಕಲ ಮರ್ಯಾದೆಯೊಂದಿಗೆ ಅಂತ್ಯಕ್ರಿಯೆ ನಡೆಸಿತು. ಈಗ ಮಗ ಕಿರಣ್ ಅವರ ಕೈಯಲ್ಲಿ ಸಂಸ್ಥೆ ಇದೆ.

ಸರ್ಕಾರ ಬದಲಾದ ಮೇಲೆ ಒತ್ತಡವೂ ದಿಕ್ಕು ಬದಲಿಸಿತು. 2025ರ ಜೂನ್‌ನಲ್ಲಿ ಸಾಕ್ಷಿ ಟಿವಿಯ ಚರ್ಚೆಯಲ್ಲಿ ಅತಿಥಿಯೊಬ್ಬರು ಆಡಿದ ಮಾತಿಗೆ ಕಾರ್ಯಕ್ರಮ ನಡೆಸುತ್ತಿದ್ದ ಹಿರಿಯ ಪತ್ರಕರ್ತ ಕೊಮ್ಮಿನೇನಿ ಶ್ರೀನಿವಾಸ ರಾವ್ ಅವರನ್ನು ಬಂಧಿಸಲಾಯಿತು. ಸುಪ್ರೀಂ ಕೋರ್ಟ್ ಕೆಲವೇ ದಿನಗಳಲ್ಲಿ ಬಿಡುಗಡೆಗೆ ಆದೇಶಿಸಿತು. ಅತಿಥಿ ಆಡಿದ ಮಾತು ಕೆಟ್ಟದ್ದೇ ಇತ್ತು. ಆದರೂ 1984ರಲ್ಲಿ ರಾಮೋಜಿ ರಾವ್ ಅವರನ್ನು ಹಿಡಿದು ತರಲು ಹೊರಟದ್ದು ತಪ್ಪಾಗಿದ್ದರೆ ಇದೂ ತಪ್ಪೇ. ಯಾರ ಪತ್ರಿಕೆ ಎಂದು ನೋಡಿ ಸ್ವಾತಂತ್ರ್ಯದ ಬಗ್ಗೆ ಮಾತಾಡುವ ಅಭ್ಯಾಸ ತೆಲುಗು ನಾಡಿಗೆ ಮಾತ್ರ ಅಂಟಿದ್ದಲ್ಲ ಅನ್ನಿ.

ಈ ಗದ್ದಲದಲ್ಲಿ ಎಲ್ಲಕ್ಕಿಂತ ದೊಡ್ಡ ಪೆಟ್ಟು ತಿಂದದ್ದು ಮಂಡಲದ ಸುದ್ದಿಗಾರ ಅಂತ ನನಗನ್ನಿಸುತ್ತದೆ. ಮೊದಲು ಅವನು ಊರಿನ ಸುದ್ದಿಗಾರ. ಈಗ ಅವನು ಹಳ್ಳಿಗೆ ಹೋದರೆ ಜನ ಮೊದಲು ಕೇಳುವುದು ಯಾವ ಪೇಪರ್‌ನವನು ಅಂತ. ಆಳುವ ಪಕ್ಷದವರ ಮರಳು ಸಾಗಣೆ ಬಗ್ಗೆ ಒಂದು ಪತ್ರಿಕೆ ಬರೆಯುವುದಿಲ್ಲ. ಇನ್ನೊಂದು ಬರೆದರೆ ಅದು ವಿರೋಧ ಪಕ್ಷದ ಮಾತು ಎಂದು ಯಾರೂ ನಂಬುವುದಿಲ್ಲ. ಕಾಲುವೆ ಕೊನೆಯ ರೈತನಿಗೆ ನೀರು ಬರದ ಸುದ್ದಿಗೂ ಪಕ್ಷದ ಬಣ್ಣ ಬಳಿಯುತ್ತದೆ. ಅದರ ಜೊತೆಗೆ ಕೊರೊನಾ ನಂತರ ಜಾಹೀರಾತು ಇಳಿಯಿತು, ಸುದ್ದಿ ಮೊಬೈಲಿಗೆ ಹೋಯಿತು. ಆಂಧ್ರದಲ್ಲಿ 13 ಜಿಲ್ಲೆ 2022ರಲ್ಲಿ 26 ಆದವು, ತೆಲಂಗಾಣದಲ್ಲಿ 10 ಜಿಲ್ಲೆ 33 ಆದವು. ಜಿಲ್ಲೆಗಳು ಹೆಚ್ಚಾದರೂ ಪುಟ ಹೆಚ್ಚಿಸುವ ಶಕ್ತಿ ಯಾವ ಪತ್ರಿಕೆಗೂ ಈಗ ಇಲ್ಲ.

ಈ ಸುದ್ದಿಗಾರನಿಗೆ ಸಂಬಳ ಇಲ್ಲ. ಅಚ್ಚಾದ ಸುದ್ದಿಯ ಅಳತೆ ನೋಡಿ ಒಂದಿಷ್ಟು ಹಣ, ತಂದ ಜಾಹೀರಾತಿಗೆ ಕಮಿಷನ್. ಯಾರ ವಿರುದ್ಧ ಬರೆಯಬೇಕೋ ಅವರ ಹತ್ತಿರವೇ ಹಬ್ಬದ ಶುಭಾಶಯದ ಜಾಹೀರಾತು ಕೇಳಲು ಹೋಗಬೇಕು. ಪತ್ರಕರ್ತರ ವೇತನ ಮಂಡಳಿಯ ಶಿಫಾರಸನ್ನು ಸುಪ್ರೀಂ ಕೋರ್ಟ್ 2014ರಲ್ಲಿ ಎತ್ತಿಹಿಡಿದರೂ ಅದರ ಲಾಭ ಇವರ ತನಕ ಇಳಿಯಲಿಲ್ಲ. ಮಾಲೀಕರು ಯಾವ ಪಕ್ಷದ ಕಡೆ ಇದ್ದರೂ ಇದೊಂದರಲ್ಲಿ ಎಲ್ಲ ಪತ್ರಿಕೆಗಳೂ ಒಂದೇ. ದೂಬಗುಂಟದಂತಹ ಸುದ್ದಿ ಮತ್ತೆ ಬರಬೇಕಾದರೆ ಅದನ್ನು ತರುವವನಿಗೆ ಜಾಹೀರಾತಿನ ಚೀಲ ಹೊರಿಸದೆ ನೇರವಾಗಿ ದುಡಿಮೆಯ ಹಣ ಕೊಡಬೇಕು. ಕನ್ನಡದ ಜಿಲ್ಲಾ ಪುಟಗಳಿಗೆ ಬರೆಯುವ ಎಷ್ಟೋ ಬಿಡಿ ಸುದ್ದಿಗಾರರ ಸ್ಥಿತಿಯೂ ಇದಕ್ಕಿಂತ ತುಂಬಾ ಬೇರೆ ಇಲ್ಲ.